ವಾಕ್ಯ ಸರಪಳಿ: ದೂರದ ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ, ಕನ್ನಡದಲ್ಲೇ ಆಡುವುದು ಹೇಗೆ?

ಮೊದಲ ಸಲ ನಾವು ಈ ಆಟ ಆಡಿದಾಗ ಅದು ನಾಲ್ಕೇ ವಾಕ್ಯಕ್ಕೆ ಮಕಾಡೆ ಮಲಗಿತು.

ನಿಯಮ ಬಹಳ ಸುಲಭ ಅನ್ನಿಸಿತ್ತು. ಒಬ್ಬರು ಒಂದು ವಾಕ್ಯ ಹೇಳಬೇಕು. ಅದರ ಕೊನೆಯ ಪದ ಹಿಡಿದು ಮುಂದಿನವರು ತಮ್ಮ ವಾಕ್ಯ ಶುರು ಮಾಡಬೇಕು. ಇಂಗ್ಲಿಷಿನಲ್ಲಿ ಮಕ್ಕಳು ಆಡುವುದನ್ನು ನೋಡಿದ್ದೆವು. ಅದನ್ನೇ ಎತ್ತಿ ನಮ್ಮ ವಾಟ್ಸಾಪ್ ಗುಂಪಿಗೆ ತಂದೆವು. ಮೊದಲನೆಯವನು ಬರೆದ: "ರಾಜು ನಿನ್ನೆ ಸಂತೆಗೆ ಹೋದನು." ಎರಡನೆಯವಳು ಸಿಕ್ಕಿಬಿದ್ದಳು. ಹೋದನು ಅಂತ ಯಾವ ವಾಕ್ಯ ತಾನೇ ಶುರುವಾಗುತ್ತದೆ? ಹತ್ತು ನಿಮಿಷ ಒದ್ದಾಡಿ "ಹೋದನು ಅಂತ ಅಮ್ಮ ಹೇಳಿದಳು" ಎಂದು ಕಳಿಸಿದಳು. ಮೂರನೆಯವನು "ಹೇಳಿದಳು ಅಂತ ನನಗೂ ಗೊತ್ತಾಯಿತು" ಅಂದ. ನಾಲ್ಕನೆಯದು "ಗೊತ್ತಾಯಿತು ಅಂತ ನಾನೂ ಅಂದುಕೊಂಡೆ". ಅಷ್ಟು ಹೊತ್ತಿಗೆ ಎಲ್ಲರಿಗೂ ಆಕಳಿಕೆ.

ಕಾರಣ ಆಮೇಲೆ ಹೊಳೆಯಿತು. ಇಂಗ್ಲಿಷ್ ವಾಕ್ಯದ ಬಾಲದಲ್ಲಿ ಬಹಳ ಸಲ ಒಂದು ವಸ್ತುವೋ ಊರೋ ಮನುಷ್ಯನೋ ಇರುತ್ತದೆ. ಕನ್ನಡದ ವಾಕ್ಯದ ಬಾಲದಲ್ಲಿ ಕ್ರಿಯಾಪದ ಕೂತಿರುತ್ತದೆ. ಹೋದನು, ಬಂದಳು, ಮಾಡಿತು. ಆ ಬಾಲ ಹಿಡಿದು ಮುಂದಿನ ವಾಕ್ಯದ ತಲೆ ಮಾಡಬೇಕು ಅಂದರೆ ಕನ್ನಡದ್ದೇ ಪಟ್ಟು ಬೇಕು. ಆ ಪಟ್ಟುಗಳನ್ನು ಕಲಿತ ಮೇಲೆ ನಮ್ಮ ಒಂದು ಸರಪಳಿ ಮೂರು ವಾರ ಎಳೆದಿದೆ. ಅವನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಹೆಜ್ಜೆ 1: ಜನ ಸೇರಿಸಿ, ಆದರೆ ಜಾಸ್ತಿ ಬೇಡ

ನಾಲ್ಕರಿಂದ ಆರು ಜನ ಸರಿ. ಮೂವರೇ ಇದ್ದರೆ ಸರದಿ ಬೇಗ ಬೇಗ ಬಂದು ಸುಸ್ತಾಗುತ್ತದೆ. ಎಂಟು ದಾಟಿದರೆ ಒಬ್ಬರ ಸರದಿ ಬರುವಷ್ಟರಲ್ಲಿ ಅವರಿಗೆ ಕಥೆಯೇ ಮರೆತುಹೋಗಿರುತ್ತದೆ.

ಬೇರೆ ಬೇರೆ ಕಡೆಯ ಕನ್ನಡ ಆಡುವವರು ಇದ್ದರೆ ಆಟಕ್ಕೆ ರುಚಿ. ನಮ್ಮಲ್ಲಿ ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಮಂಗಳೂರಿನವರು, ಉಳಿದವರು ಮೈಸೂರು ಸೀಮೆ. "ಹೋಗ್ಯಾನ" ಮತ್ತು "ಉಂಟು" ಎರಡೂ ಒಂದೇ ಸರಪಳಿಯಲ್ಲಿ ಬಂದಾಗ ಆಗುವ ಮಜಾ ಬೇರೆ. ಯಾರ ಕನ್ನಡವನ್ನೂ ತಿದ್ದುವ ಹಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ. ತಿದ್ದುವ ಚಟ ಇರುವ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಮ್ಮ ಗುಂಪಿನಲ್ಲಿ ಅದು ನಾನೇ.

ಹೆಜ್ಜೆ 2: ಜಾಗ ಗೊತ್ತು ಮಾಡಿ

ಎರಡು ರೀತಿ ಆಡಬಹುದು. ಒಂದು ನಿಧಾನದ ಆಟ: ದಿನವಿಡೀ ನಡೆಯುತ್ತದೆ, ಬಿಡುವಾದಾಗ ಒಂದು ವಾಕ್ಯ. ಇನ್ನೊಂದು ಕೂತು ಆಡುವ ಆಟ: ಎಲ್ಲರೂ ಒಂದೇ ಹೊತ್ತಿಗೆ ವಿಡಿಯೊ ಕರೆಯಲ್ಲಿ ಸೇರಿ ಬಾಯಲ್ಲಿ ಹೇಳುವುದು.

ನಿಧಾನದ ಆಟಕ್ಕೆ ವಾಟ್ಸಾಪ್ ಸಾಕು. ಆದರೆ ಹೊಸ ಗುಂಪು ಮಾಡಿ. ಇರುವ ಫ್ಯಾಮಿಲಿ ಗುಂಪಿನಲ್ಲಿ ಆಡಲು ಹೋದರೆ ಕತ್ತೆಯ ಕಥೆಯ ನಡುವೆ ಶುಭೋದಯದ ಗುಲಾಬಿ ಹೂ ಬಂದು ಕೂರುತ್ತದೆ. ಗುಂಪು ಮಾಡಿದ ಕೂಡಲೇ ಮೂರು ಕೆಲಸ ಮಾಡಿ.

ಮೊದಲನೆಯದು, ಮೆಸೇಜು ತಾನಾಗಿ ಮಾಯವಾಗುವ ಸೆಟ್ಟಿಂಗ್ ಆಫ್ ಇದೆಯೇ ನೋಡಿ. ಅದರಲ್ಲಿ 24 ಗಂಟೆ, 7 ದಿನ, 90 ದಿನ ಎಂಬ ಆಯ್ಕೆಗಳಿರುತ್ತವೆ. ಗುಂಪು ಮಾಡಿದವರು ತಮ್ಮ ಫೋನಿನಲ್ಲಿ ಎಲ್ಲ ಹೊಸ ಚಾಟ್‌ಗೂ ಇದನ್ನು ಹಾಕಿಟ್ಟಿರಬಹುದು. ನಮ್ಮ ಮೊದಲ ಒಳ್ಳೆಯ ಸರಪಳಿ ಹೀಗೆಯೇ ಒಂದು ವಾರಕ್ಕೆ ಗಾಳಿಗೆ ಹೋಯಿತು.

ಎರಡನೆಯದು, ನಿಯಮಗಳನ್ನು ಒಂದೇ ಮೆಸೇಜಿನಲ್ಲಿ ಬರೆದು ಪಿನ್ ಮಾಡಿ. ಪಿನ್ 30 ದಿನದವರೆಗೆ ಇರುತ್ತದೆ.

ಮೂರನೆಯದು ಎಡಿಟ್ ವಿಷಯ. ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಲು ವಾಟ್ಸಾಪ್ ಬಿಡುತ್ತದೆ. ನೀವು "ಬೆಕ್ಕು" ಹಿಡಿದು ಸೊಗಸಾದ ವಾಕ್ಯ ಕಟ್ಟಿರುತ್ತೀರಿ. ಅಷ್ಟರಲ್ಲಿ ಹಿಂದಿನವರು ತಮ್ಮ "ಬೆಕ್ಕು"ವನ್ನು "ನಾಯಿ" ಮಾಡಿರುತ್ತಾರೆ! ಆದ್ದರಿಂದ ಮುಂದಿನವರು ಬರೆದ ಮೇಲೆ ಯಾರೂ ಎಡಿಟ್ ಮುಟ್ಟಬಾರದು. ಕಾಗುಣಿತ ತಪ್ಪಿದ್ದರೆ ಇರಲಿ ಬಿಡಿ.

ಟೆಲಿಗ್ರಾಂ ಬಳಸುವವರಿಗೆ ಒಂದು ಅನುಕೂಲ ಜಾಸ್ತಿ ಇದೆ. ಅಲ್ಲಿನ ಗುಂಪಿಗೆ ಸ್ಲೋ ಮೋಡ್ ಹಾಕಬಹುದು. ಕೆಲವು ಸೆಕೆಂಡಿನಿಂದ 1 ಗಂಟೆಯವರೆಗೆ ಅವಧಿ ಇಟ್ಟರೆ, ಒಬ್ಬರು ಒಂದು ಮೆಸೇಜು ಕಳಿಸಿದ ಮೇಲೆ ಅಷ್ಟು ಹೊತ್ತು ಸುಮ್ನೆ ಕೂರಬೇಕು. ಉತ್ಸಾಹ ತಡೆಯಲಾರದೆ ಸಾಲಾಗಿ ಮೂರು ವಾಕ್ಯ ಕಳಿಸುವವರಿಗೆ ಇದೇ ಮದ್ದು.

ಕೂತು ಆಡುವುದಾದರೆ ಯಾವ ವಿಡಿಯೊ ಕರೆಯಾದರೂ ಆದೀತು. ಊರು ಬಿಟ್ಟವರು ಗುಂಪಿನಲ್ಲಿದ್ದರೆ ಹೊತ್ತು ಹೊಂದಿಸುವುದೇ ತಲೆನೋವು. ನಾವು ಕಂಡುಕೊಂಡ ಹೊತ್ತು ಭಾನುವಾರ ಸಂಜೆ 7:30. ಆಗ ದುಬೈನಲ್ಲಿ ಸಂಜೆ 6. ಬೇಸಿಗೆಯಲ್ಲಾದರೆ ಲಂಡನ್‌ನಲ್ಲಿ ಮಧ್ಯಾಹ್ನ 3, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 7. ಚಳಿಗಾಲದಲ್ಲಿ ಆ ಎರಡು ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಗೆಳೆಯ ಆಗ ಕಂಬಳಿ ಹೊದ್ದುಕೊಂಡೇ ಆಡುತ್ತಾನೆ.

ಹೆಜ್ಜೆ 3: ಲಿಪಿ

ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಈ ಆಟ ಕೆಡುತ್ತದೆ. ಕೊನೆಯ ಪದ "ಹಳ್ಳಿ"ಯೋ "ಹಲ್ಲಿ"ಯೋ "ಹಾಲಿ"ಯೋ ಎಂಬ ಜಗಳ ಮುಗಿಯುವುದೇ ಇಲ್ಲ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಇದ್ದರೆ ಕನ್ನಡ ಸೇರಿಸಿಕೊಳ್ಳಿ. ಕನ್ನಡ ಕೀಲಿಗಳೇ ಬೇಕಾದರೂ ಸರಿ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗಿ ಮೂಡುವ ಬಗೆಯಾದರೂ ಸರಿ, ಎರಡೂ ಅದರಲ್ಲಿವೆ. ಟೈಪಿಂಗ್ ಬೇಡ ಅನ್ನುವ ಹಿರಿಯರಿಗೆ ಮೈಕ್ ಒತ್ತಿ ಮಾತಾಡಲು ಹೇಳಿಕೊಡಿ. ಪೂರ್ಣವಿರಾಮ ಬಹಳ ಸಲ ತಾನಾಗಿ ಬೀಳುವುದಿಲ್ಲ, ಅಷ್ಟು ಮಾಫಿ ಇರಲಿ.

ಹೆಜ್ಜೆ 4: ಕೊಂಡಿ ಯಾವುದು ಅಂತ ಮೊದಲೇ ತೀರ್ಮಾನಿಸಿ

ಆಟದ ಜೀವ ಇರುವುದು ಇಲ್ಲಿ. ಒಂದು ವಾಕ್ಯವನ್ನು ಇನ್ನೊಂದಕ್ಕೆ ಸಿಕ್ಕಿಸುವ ಕೊಂಡಿ ಕನ್ನಡದಲ್ಲಿ ಮೂರು ಬಗೆಯದು.

ಮೊದಲ ಬಗೆ, ಪದವನ್ನು ಹಾಗೆಯೇ ಹಿಡಿಯುವುದು. ಇದು ನಡೆಯಬೇಕಾದರೆ ವಾಕ್ಯ ಕಟ್ಟುವಾಗಲೇ ಕ್ರಿಯಾಪದವನ್ನು ಬಾಲದಿಂದ ಎಬ್ಬಿಸಬೇಕು. "ಕತ್ತೆ ನಮ್ಮ ನಿದ್ದೆ ಕೆಡಿಸಿತು" ಅನ್ನುವ ಬದಲು "ನಮ್ಮ ನಿದ್ದೆ ಕೆಡಿಸಿದ್ದು ಒಂದು ಕತ್ತೆ" ಅನ್ನಿ. "ಅವನು ಮಾರುಕಟ್ಟೆಯಲ್ಲಿ ಕುಂಬಳಕಾಯಿ ಕೊಂಡ" ಬೇಡ, "ಅವನು ಮಾರುಕಟ್ಟೆಯಲ್ಲಿ ಕೊಂಡದ್ದು ಕುಂಬಳಕಾಯಿ". ಕೆಡಿಸಿದ್ದು, ಕೊಂಡದ್ದು, ಕಂಡದ್ದು, ಬಂದದ್ದು. ಈ "ದ್ದು" ಒಂದು ಕೈವಶವಾದರೆ ಅರ್ಧ ಆಟ ಗೆದ್ದ ಹಾಗೆ. ಬಾಲಕ್ಕೆ ಬೇಕಾದ ನಾಮಪದ ತಂದು ಕೂರಿಸಬಹುದು.

ಕ್ರಿಯಾಪದವೇ ಇಲ್ಲದ ವಾಕ್ಯಗಳೂ ಕನ್ನಡದಲ್ಲಿ ಬೇಕಾದಷ್ಟಿವೆ. "ನಮ್ಮ ಮಾವ ಪೋಸ್ಟ್‌ಮ್ಯಾನ್." "ಅವರ ಮನೆ ಮುಂದೆ ಒಂದು ಹುಣಸೆಮರ." ಅನುಕರಣ ಪದ ಕೂಡ ಬಾಲಕ್ಕೆ ಚೆನ್ನ: "ಕತ್ತೆ ಓಡಿದ್ದು ದಬದಬ." ಮುಂದಿನವರು "ದಬದಬ ಸದ್ದಿಗೆ ಎದ್ದು ಕೂತರು ಮೇಷ್ಟ್ರು" ಅಂತ ಹಿಡಿದುಕೊಳ್ಳುತ್ತಾರೆ. ಇಲ್ಲಿ ಕ್ರಿಯಾಪದ ನಡುವೆ ಬಂದು ಕರ್ತೃ ಕೊನೆಗೆ ಹೋಯಿತು, ಗಮನಿಸಿ. ಮಾತಿನಲ್ಲಿ ನಾವು ದಿನಾ ಹೀಗೆ ಮಾಡುತ್ತೇವೆ. "ಬಂದ್ರಲ್ಲಪ್ಪ ಸಾಹೇಬ್ರು" ಅನ್ನುವುದಿಲ್ವಾ?

ಎರಡನೆಯ ಬಗೆ, ಪದದ ಬೇರು ಹಿಡಿಯುವುದು. ವಾಕ್ಯ ಕ್ರಿಯಾಪದದಲ್ಲೇ ಮುಗಿಯಲಿ. ಮುಂದಿನವರು ಅದೇ ಕ್ರಿಯೆಯನ್ನು ಬೇರೆ ರೂಪದಲ್ಲಿ ಎತ್ತಿಕೊಳ್ಳಲಿ.

"ಮೇಷ್ಟ್ರು ಬಾಗಿಲು ತೆರೆದರು."
"ತೆರೆದ ಬಾಗಿಲಿಂದ ಕತ್ತೆ ಒಳಗೆ ನುಗ್ಗಿತು."
"ನುಗ್ಗಿದ ರಭಸಕ್ಕೆ ನೀರಿನ ಕೊಡ ಉರುಳಿತು."
"ಉರುಳುತ್ತಾ ಉರುಳುತ್ತಾ ಕೊಡ ಬೀದಿಗೆ ಬಂತು."

ಜೋರಾಗಿ ಓದಿ ನೋಡಿ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಅಜ್ಜಿಯರು ಕಥೆ ಹೇಳುವುದೇ ಹೀಗೆ. "ಕಾಡಿಗೆ ಹೋದ. ಹೋದಾಗ ಒಂದು ಗುಡಿಸಲು ಕಾಣಿಸ್ತು. ಕಾಣಿಸಿದ ತಕ್ಷಣ ಬಾಗಿಲು ಬಡಿದ." ಹಿಂದಿನ ವಾಕ್ಯದ ಬಾಲ ಹಿಡಿದೇ ಮುಂದಿನದು ಏಳುತ್ತದೆ. ಅಂದರೆ ಈ ಆಟವನ್ನು ನಾವು ಇಂಗ್ಲಿಷಿನಿಂದ ತರಬೇಕಾಗಿಯೇ ಇರಲಿಲ್ಲ. ಮನೆಯಲ್ಲೇ ಇತ್ತು. ಇದೇ ಜಾಡಿನ ಕಾವ್ಯಪದ್ಧತಿ ಪಕ್ಕದ ತಮಿಳಿನಲ್ಲೂ ಇದೆ. ಅಲ್ಲಿ ಅದರ ಹೆಸರು ಅಂತಾದಿ, ಅಂದರೆ ಅಂತ್ಯವೇ ಆದಿ. ಒಂದು ಪದ್ಯದ ಕೊನೆ ಮುಂದಿನ ಪದ್ಯದ ಶುರು. ತೆಲುಗಿನವರು ಮುಕ್ತಪದಗ್ರಸ್ತ ಅನ್ನುವುದೂ ಇದನ್ನೇ: ಬಿಟ್ಟ ಪದವನ್ನು ಮತ್ತೆ ಹಿಡಿಯುವುದು.

ಬೇರು ಹಿಡಿಯುವ ನಿಯಮ ಇದ್ದರೆ ಬೇರೆ ಬೇರೆ ಕಡೆಯ ಕನ್ನಡವೂ ಸಲೀಸಾಗಿ ಬೆರೆಯುತ್ತದೆ. ಒಬ್ಬರು "ಬಂದಾನ" ಅಂದರೆ ಇನ್ನೊಬ್ಬರು "ಬಂದವನು" ಅಂತ ಎತ್ತಿಕೊಳ್ಳಬಹುದು.

ಮೂರನೆಯ ಬಗೆ, ಕೊನೆಯ ಅಕ್ಷರ ಹಿಡಿಯುವುದು. ಅಂತ್ಯಾಕ್ಷರಿಯ ಹಾಗೆ. ಮಕ್ಕಳಿಗೆ ಇದು ಹಿತ, ಆದರೆ ಇದರಲ್ಲೂ ಒಂದು ಗುಂಡಿ ಇದೆ. "ಅಕ್ಕ ಪೇಟೆಗೆ ಹೋದಳು" ಅಂದರೆ ಕೊನೆಗೆ "ಳು". ಳಕಾರದಿಂದ ಶುರುವಾಗುವ ಪದ ಕನ್ನಡದಲ್ಲಿ ಎಲ್ಲಿದೆ? ಣಕಾರದ್ದೂ ಅದೇ ಕಥೆ. ಹಾಗಾಗಿ ಳ ಬಂದರೆ ಲ, ಣ ಬಂದರೆ ನ ಎಂದು ಒಪ್ಪಂದ ಮಾಡಿಕೊಳ್ಳಿ. ಇಲ್ಲವಾದರೆ ಜಪಾನಿನವರ ದಾರಿ ಹಿಡಿಯಿರಿ. ಅವರ ಶಿರಿತೊರಿ ಆಟದಲ್ಲಿ ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಶುರುವಾಗಬೇಕು. "ನ್" ಎಂಬ ಅಕ್ಷರದಿಂದ ಜಪಾನಿ ಪದ ಶುರುವಾಗುವುದಿಲ್ಲ. ಅದರಲ್ಲಿ ಮುಗಿಯುವ ಪದ ಹೇಳಿದವರು ಸೋತರು! ನಾವೂ ಒಂದು ಸಲ "ಳು ಅಂದವರು ಔಟ್" ಎಂದು ಆಡಿದೆವು. ಹತ್ತು ನಿಮಿಷದಲ್ಲಿ ಕಥೆಯಿಂದ ಹೆಂಗಸರೆಲ್ಲ ಮಾಯವಾದರು. ಅಥವಾ ಎಲ್ಲರೂ ಬಹುವಚನದ ಗೌರವಸ್ಥರಾದರು: ಅಕ್ಕ ಬಂದರು, ತಂಗಿ ಹೋದರು, ಬೆಕ್ಕಿನ ಮರಿಯೂ ಬಂದರು.

ಉಳಿದ ಅಕ್ಷರಗಳದ್ದು ತೊಂದರೆಯಿಲ್ಲ. "ನು" ಬಂದರೆ ನುಗ್ಗೆಕಾಯಿ, "ರು" ಬಂದರೆ ರುಮಾಲು, "ತು" ಬಂದರೆ ತುಪ್ಪ. ಒತ್ತಕ್ಷರ ಬಂದಾಗ ಸುಮ್ನೆ ಒಂಟಿ ಅಕ್ಷರ ಮಾಡಿಕೊಳ್ಳಿ. ಗುಣಿತವೂ ಹೊಂದಲೇಬೇಕು ಅಂತ ಹಟ ಹಿಡಿಯಬೇಡಿ, ವ್ಯಂಜನ ಹೊಂದಿದರೆ ಸಾಕು.

ನನ್ನ ಸಲಹೆ ಕೇಳಿದರೆ, ದೊಡ್ಡವರ ಗುಂಪಿಗೆ ಮೊದಲ ಎರಡು ಬಗೆ ಬೆರೆಸಿ ಆಡುವುದು ಸರಿ. ಪದವನ್ನು ಹಾಗೇ ಹಿಡಿದರೂ ಸರಿ, ಬೇರು ಹಿಡಿದರೂ ಸರಿ. ಮೂರನೆಯದು ಮಕ್ಕಳು ಬಂದು ಸೇರಿದಾಗ.

ಹೆಜ್ಜೆ 5: "ಅಂತ"ಕ್ಕೆ ಕಡಿವಾಣ

ಇದಕ್ಕೆ ಒಂದು ಹೆಜ್ಜೆಯನ್ನೇ ಮೀಸಲಿಡುತ್ತೇನೆ, ಅಷ್ಟು ಅಪಾಯ ಇದರಲ್ಲಿ. ಕನ್ನಡದಲ್ಲಿ ಯಾವ ವಾಕ್ಯಕ್ಕಾದರೂ "ಅಂತ" ಸೇರಿಸಿ ಮುಂದುವರಿಸಬಹುದು. "ಹೋದನು ಅಂತ", "ಇಲ್ಲ ಅಂತ", "ಉಂಟು ಅಂತ". ಎರಡನೇ ಸುತ್ತಿಗೇ ಎಲ್ಲರಿಗೂ ಈ ಕಳ್ಳದಾರಿ ಗೊತ್ತಾಗುತ್ತದೆ. ಆಮೇಲೆ ಆಟವೆಲ್ಲ ಅಂತೆ ಕಂತೆ. ಪೂರ್ತಿ ನಿಷೇಧಿಸಬೇಡಿ, ತೀರಾ ಸಿಕ್ಕಿಬಿದ್ದವರಿಗೆ ಒಂದು ಹಗ್ಗ ಬೇಕು. ಒಬ್ಬರಿಗೆ ಒಂದು ಆಟದಲ್ಲಿ ಒಂದೇ "ಅಂತ". "ಎಂದು", "ಎಂಬ", "ಅನ್ನೋ" ಎಲ್ಲವೂ ಅದೇ ಲೆಕ್ಕಕ್ಕೆ.

ಇದರ ಜೊತೆಗೆ ಪಿನ್ ಮಾಡಬೇಕಾದ ಚಿಕ್ಕಪುಟ್ಟ ನಿಯಮಗಳು ಇವು. ವಾಕ್ಯ ಮೂರು ಪದಕ್ಕಿಂತ ಚಿಕ್ಕದಾಗಬಾರದು, ಹನ್ನೆರಡಕ್ಕಿಂತ ದೊಡ್ಡದೂ ಆಗಬಾರದು. ಒಮ್ಮೆ ಕೊಂಡಿಯಾದ ಪದ ಅದೇ ಆಟದಲ್ಲಿ ಮತ್ತೆ ಕೊಂಡಿಯಾಗಬಾರದು. ಸಂಧಿಯಾಗಿ ಅಂಟಿಕೊಂಡ ಪದವನ್ನು ಬಿಡಿಸಿಕೊಳ್ಳಬಹುದು: "ಮನೆಯಲ್ಲಿದೆ" ಅಂತ ಮುಗಿದರೆ "ಮನೆಯಲ್ಲಿ" ಎಂದಾದರೂ ಶುರು ಮಾಡಿ, "ಇದ್ದ" ಎಂದಾದರೂ ಶುರು ಮಾಡಿ. "ಬಾಳೆಹಣ್ಣು" ಬಂದರೆ "ಹಣ್ಣು" ಒಂದನ್ನೇ ಹಿಡಿದರೂ ನಡೆಯುತ್ತದೆ. ಕಾಫಿ, ಬಸ್ಸು, ಮೊಬೈಲು ಎಲ್ಲ ಕನ್ನಡವೇ. ಆದರೆ ವಾಕ್ಯವೇ ಇಂಗ್ಲಿಷಾಗಬಾರದು.

ಹೆಜ್ಜೆ 6: ಸರದಿ ಮತ್ತು ಸಮಯ

ಯಾರಾದ ಮೇಲೆ ಯಾರು ಅನ್ನುವುದನ್ನು ಬರೆದಿಡಿ. "ಯಾರು ಬೇಕಾದರೂ ಮುಂದುವರಿಸಿ" ಅಂದರೆ ಇಬ್ಬರು ಒಟ್ಟಿಗೆ ಕಳಿಸುತ್ತಾರೆ. ನೆಟ್ ನಿಧಾನ ಇದ್ದಾಗ ಯಾರದು ಮೊದಲು ಅನ್ನುವುದೇ ಗೊಂದಲ. ಜೊತೆಗೆ ಪ್ರತಿಯೊಬ್ಬರೂ ತಾವು ಹಿಡಿದ ವಾಕ್ಯವನ್ನು ಬಲಕ್ಕೆ ಎಳೆದು ರಿಪ್ಲೈ ಆಗಿಯೇ ಬರೆಯಲಿ. ನಡುವೆ "ಹ್ಹ ಹ್ಹ ಹ್ಹ" ಎಷ್ಟು ಬಂದರೂ ಸರಪಳಿ ತಪ್ಪುವುದಿಲ್ಲ.

ನಿಧಾನದ ಆಟದಲ್ಲಿ ಒಬ್ಬರಿಗೆ ಆರು ಗಂಟೆ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಗಡಿಯಾರ ನಿಂತಿದೆ ಅಂತ ಲೆಕ್ಕ. ಸಮಯ ಮೀರಿದರೆ ಮುಂದಿನವರಿಗೆ ಸರದಿ ಹೋಗುತ್ತದೆ, ಬೈಗುಳ ಇಲ್ಲ. ಕೂತು ಆಡುವಾಗ 30 ಸೆಕೆಂಡು ಸಾಕು. ಮೂರು ಸಲ ತಪ್ಪಿದವರು ಔಟ್. ಔಟಾದವರೇ ಆಮೇಲೆ ತೀರ್ಪುಗಾರರು. ಸೋತ ಕೂಡಲೇ ಅಧಿಕಾರ ಸಿಗುವುದರಿಂದ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ.

ಹೆಜ್ಜೆ 7: ಮೊದಲ ವಾಕ್ಯ

"ಒಂದಾನೊಂದು ಕಾಲದಲ್ಲಿ ಒಬ್ಬ ರಾಜ" ಬೇಡ. ಎಲ್ಲರೂ ಕೇಳಿದ ದಾರಿಯಲ್ಲೇ ಕಥೆ ಹೊರಡುತ್ತದೆ. ಸಣ್ಣ ಜಾಗ, ಸಣ್ಣ ಗಲಾಟೆ, ಬಾಲದಲ್ಲಿ ಕೈಗೆ ಸಿಗುವ ಒಂದು ವಸ್ತು ಅಥವಾ ಪ್ರಾಣಿ ಇರಲಿ. "ಮದುವೆ ಮನೆಯ ಅಡುಗೆ ಕೋಣೆಯಿಂದ ಕಾಣೆಯಾದದ್ದು ಒಂದೇ ಒಂದು ಸೌಟು." "ಕೊನೇ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಬಿಟ್ಟುಹೋದದ್ದು ಒಂದು ಹಲಸಿನಹಣ್ಣು." ಹೀಗೆ ಕೊಟ್ಟರೆ ಮುಂದಿನವರ ಕೈ ತುರಿಸುತ್ತದೆ.

ಒಂದು ಸುತ್ತು ಆಡಿ ನೋಡೋಣ

ನಮ್ಮ ಐದು ಜನರ ಎರಡು ಸುತ್ತು ಹೀಗಿತ್ತು:

1. ಮೊನ್ನೆ ರಾತ್ರಿ ನಮ್ಮ ಬೀದಿಯವರ ನಿದ್ದೆ ಕೆಡಿಸಿದ್ದು ಒಂದು ಕತ್ತೆ.
2. ಕತ್ತೆ ಬಂದು ನಿಂತದ್ದು ರಿಟೈರ್ಡ್ ಮೇಷ್ಟ್ರ ಮನೆ ಬಾಗಿಲಲ್ಲಿ.
3. ಬಾಗಿಲಲ್ಲಿ ಮೊದಲೇ ಕೂತಿತ್ತು ಮೇಷ್ಟ್ರ ಬೆಕ್ಕು.
4. ಬೆಕ್ಕು ಒಂದು ಸಲ ಕಣ್ಣು ಬಿಟ್ಟು ನೋಡಿ ಮತ್ತೆ ಮಲಗಿತು.
5. ಮಲಗಿದ್ದ ಮೇಷ್ಟ್ರು ಮಾತ್ರ ಎದ್ದರು.
6. ಎದ್ದವರೇ ಹುಡುಕಿದ್ದು ಕನ್ನಡಕ.
7. ಕನ್ನಡಕ ಸಿಗದೆ, ಕತ್ತೆಯನ್ನೇ ಹಳೇ ವಿದ್ಯಾರ್ಥಿ ಅಂದುಕೊಂಡು ಒಳಗೆ ಕರೆದರು.
8. ಕರೆದದ್ದೇ ತಡ, ಕತ್ತೆ ಬಂದು ಸೋಫಾ ಮೇಲೆ ಕೂತಿತು.
9. ಕೂತ ಕತ್ತೆಯನ್ನು ಮೇಷ್ಟ್ರು ಕೇಳಿದ್ದು ಹದಿನೇಳರ ಮಗ್ಗಿ.
10. ಮಗ್ಗಿ ಬಾರದೆ ಕತ್ತೆ ತಲೆ ತಗ್ಗಿಸಿತು.

ಮೊದಲ ಮೂರು ವಾಕ್ಯ ಎಷ್ಟು ಸಲೀಸಾಗಿ ಜಾರಿದವು ನೋಡಿ. ಎಲ್ಲರೂ ಬಾಲದಲ್ಲಿ ಹಿಡಿಯಲು ಸುಲಭವಾದ ಪದ ಇಟ್ಟರು. ನಾಲ್ಕನೆಯವನು ಸೋಮಾರಿ, ಕ್ರಿಯಾಪದ ಬಿಟ್ಟುಹೋದ. ಆದರೆ ಐದನೆಯವಳು ಆ "ಮಲಗಿತು" ಹಿಡಿದು ಬೆಕ್ಕಿನಿಂದ ಮೇಷ್ಟ್ರಿಗೆ ಹಾರಿದಳು. ಬೇರು ಹಿಡಿಯುವುದರ ಲಾಭ ಇದೇ: ಕ್ರಿಯೆ ಒಬ್ಬರದು, ಮುಂದೆ ಎತ್ತಿಕೊಳ್ಳುವಾಗ ಅದು ಇನ್ನೊಬ್ಬರದಾಗಬಹುದು. ಏಳನೆಯದು ಬಂದ ಮೇಲೆ ಆಟ ಹತ್ತು ನಿಮಿಷ ನಿಂತಿತು, ಎಲ್ಲರೂ ನಗುತ್ತಿದ್ದರು. ಕಥೆ ತಿರುಗಿದ್ದು ಅಲ್ಲೇ. ಹನ್ನೊಂದನೆಯದನ್ನು ಬರೆದವರು ನಮ್ಮ ಧಾರವಾಡದವರು: "ತಗ್ಗಿಸಿದ ತಲಿ ನೋಡಿ ಮಾಸ್ತರಿಗೆ ಖಾತ್ರಿ ಆತು, ಇವಾ ನಮ್ಮ ಸಾಲಿಯವನ!" ಮೈಸೂರಿನ ಮೇಷ್ಟ್ರು ಒಂದೇ ವಾಕ್ಯದಲ್ಲಿ ಧಾರವಾಡದ ಮಾಸ್ತರಾದರು. ಆಮೇಲೆ ಅವರನ್ನು ವಾಪಸ್ ಕರೆತರಲು ಯಾರಿಗೂ ಆಗಲಿಲ್ಲ.

ಹೊಸಬರು ಮಾಡುವ ತಪ್ಪು ಒಂದೇ. ತಾವು ಬರೆಯುವಾಗ ಹಿಂದಿನ ಕೊಂಡಿಯನ್ನಷ್ಟೇ ನೋಡುತ್ತಾರೆ. ಮುಂದಿನವರಿಗೆ ಏನು ಬಿಟ್ಟು ಹೋಗುತ್ತಿದ್ದೇವೆ ಅಂತ ನೋಡುವುದಿಲ್ಲ. ಗೆಳೆಯರ ಆಟವಾದರೆ ಹಿಡಿ ಇರುವ ಪದ ಬಿಡಿ. ಗೆಲ್ಲಲೇಬೇಕು ಅಂತಿದ್ದರೆ "ಆದ್ದರಿಂದ", "ಮಾತ್ರ", "ಕೂಡ" ಇಂಥವನ್ನು ಬಾಲಕ್ಕೆ ಹಾಕಿ. "ಕೂಡ" ಎಂದು ಶುರುವಾಗುವ ವಾಕ್ಯ ಕಟ್ಟಲು ನಮ್ಮ ಮಂಗಳೂರಿನ ಗೆಳತಿಗೆ ಐದೂವರೆ ಗಂಟೆ ಹಿಡಿಯಿತು. ಕೊನೆಗೆ "ಕೂಡಲು ಕುರ್ಚಿಯೇ ಇಲ್ಲದ ಮನೆ ಉಂಟು" ಎಂದು ಬರೆದಳು. ಬೇರು ಬೇರೆ ಅಂತ ದೊಡ್ಡ ವಾದವಾಯಿತು. ತೀರ್ಪುಗಾರರು ನಗುತ್ತಾ ಬಿಟ್ಟುಕೊಟ್ಟರು.

ಹೆಜ್ಜೆ 8: ಎಲ್ಲಿ ನಿಲ್ಲಿಸುವುದು

ಕೊನೆ ಇಲ್ಲದ ಆಟ ಸೊರಗುತ್ತದೆ. 50 ವಾಕ್ಯ ಅಂತ ಮೊದಲೇ ಗಡಿ ಹಾಕಿ. ಇನ್ನೂ ಚೆಂದದ ದಾರಿ ಎಂದರೆ ಸರಪಳಿಯನ್ನು ಹಾರ ಮಾಡುವುದು. 40 ವಾಕ್ಯ ದಾಟಿದ ಮೇಲೆ, ಯಾರ ವಾಕ್ಯ ಮೊದಲ ವಾಕ್ಯದ ಮೊದಲ ಪದದಲ್ಲಿ ಮುಗಿಯುತ್ತದೋ ಅವರು ಗೆದ್ದರು. ತಮಿಳಿನ ಅಂತಾದಿಗಳಲ್ಲೂ ಕೊನೆಯ ಪದ್ಯದ ಬಾಲ ಮೊದಲ ಪದ್ಯದ ತಲೆಗೆ ಹೀಗೆ ಕೂಡಿಕೊಳ್ಳುವುದುಂಟು. ನಮ್ಮ ಕತ್ತೆ ಕಥೆ "ಮೊನ್ನೆ" ಎಂದು ಶುರುವಾಗಿತ್ತು. ಮುಗಿದದ್ದು "ಮೇಷ್ಟ್ರ ಕನ್ನಡಕ ಕತ್ತೆಯ ಹೊಟ್ಟೆಯಿಂದ ಹೊರಗೆ ಬಂದದ್ದು ಮೊನ್ನೆ" ಎಂದು. ಹೇಗೆ ಒಳಗೆ ಹೋಯಿತು ಅಂತ ಕೇಳಬೇಡಿ, ಅದು ಮೂವತ್ತನೇ ವಾಕ್ಯದ ಕಥೆ.

ಬೇಸರ ಬಂದರೆ ಆಡಲು ಬೇರೆ ಬಗೆಗಳು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ಪೂರ್ಣವಿರಾಮ ಇಟ್ಟವರು ಸೋತರು". ಇದರಲ್ಲಿ ಇಡೀ ಆಟಕ್ಕೆ ಒಂದೇ ವಾಕ್ಯ. ಒಬ್ಬರು "ಅಜ್ಜಿ ಬೆಳಿಗ್ಗೆ ಎದ್ದು" ಅನ್ನುತ್ತಾರೆ. ಮುಂದಿನವರು "ಮುಖ ತೊಳೆದು". ಆಮೇಲೆ "ದೇವರಿಗೆ ದೀಪ ಹಚ್ಚಿ", "ಹಾಲು ಬಂದಿಲ್ಲ ಅಂತ ಗೊಣಗಿ", "ಚೀಲ ಹಿಡಿದು ಡೈರಿಗೆ ಹೊರಟು", "ಅರ್ಧ ದಾರಿಯಲ್ಲಿ ಹಲ್ಲುಸೆಟ್ಟು ಮರೆತದ್ದು ನೆನಪಾಗಿ". ವಾಕ್ಯವನ್ನು ಮುಗಿಸುವ ಕ್ರಿಯಾಪದ ಯಾರ ಬಾಯಿಂದ ಬೀಳುತ್ತದೋ ಅವರು ಔಟ್. ಕೂತು ಆಡುವಾಗ ಪ್ರತಿಯೊಬ್ಬರೂ ಮೊದಲಿಂದ ಎಲ್ಲವನ್ನೂ ಹೇಳಿ ತಮ್ಮ ತುಂಡು ಸೇರಿಸಬೇಕು. ಹದಿನೈದನೇ ತುಂಡಿನ ಹೊತ್ತಿಗೆ ನಾಲಿಗೆ ತಾನಾಗಿಯೇ "ಬಂದಳು" ಅಂದುಬಿಡುತ್ತದೆ. ಕನ್ನಡದಲ್ಲಿ ಈ ಬಗೆಯ ವಾಕ್ಯವನ್ನು ಎಷ್ಟು ಬೇಕಾದರೂ ಎಳೆಯಬಹುದು, ಆಡಿ ನೋಡಿದರೇ ಗೊತ್ತಾಗುವುದು. ಒಂದು ಎಚ್ಚರ: ಎದ್ದು, ತೊಳೆದು, ಹಚ್ಚಿ ಎಲ್ಲವನ್ನೂ ಅಜ್ಜಿಯೇ ಮಾಡುತ್ತಿರಬೇಕು. ಬೇರೆಯವರನ್ನು ತರಬೇಕಾದರೆ "ಎದುರಿಗೆ ಮೇಷ್ಟ್ರು ಬಂದಾಗ" ಅನ್ನಿ.

ಇನ್ನು ಕೆಲವನ್ನು ಅವಧಾನದಿಂದ, ಅಂದರೆ ಸಭೆಯಲ್ಲಿ ಕೂತಲ್ಲೇ ಪದ್ಯ ಕಟ್ಟುವ ಕಲೆಯಿಂದ, ಕದ್ದಿದ್ದೇವೆ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದವರಿಗೆ ಇದು ಗೊತ್ತಿರುತ್ತದೆ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕೂತು ಅವಧಾನಿಗೆ ಬೇರೆ ಬೇರೆ ತೊಡಕು ಒಡ್ಡುತ್ತಾರೆ. ನಿಷೇಧಾಕ್ಷರಿಯಲ್ಲಿ ಅವಧಾನಿ ಪದ್ಯ ಕಟ್ಟುತ್ತಾ ಒಂದೊಂದೇ ಅಕ್ಷರ ಹೇಳಿದ ಹಾಗೆ, ಪೃಚ್ಛಕರು "ಮುಂದೆ ಈ ಅಕ್ಷರ ಬೇಡ" ಅನ್ನುತ್ತಾರೆ. ಅದು ನಮ್ಮಂಥವರ ಕೈಲಿ ಆಗುವ ಮಾತಲ್ಲ. ಆದರೆ ಅದರ ಮರಿ ರೂಪ ಆಡಬಹುದು. ನಿಮ್ಮ ವಾಕ್ಯದ ಕೆಳಗೆ ಒಂದು ನಿಷೇಧ ಬರೆಯಿರಿ: "ಮುಂದಿನವರಿಗೆ ದ ಬೇಡ." ಅದರ ಯಾವ ಗುಣಿತವೂ, ಒತ್ತೂ ಬರಬಾರದು. ಬಂದ, ಹೋದ, ಇದೆ, ಒಂದು, ಎಂದು ಎಲ್ಲ ಒಂದೇ ಏಟಿಗೆ ಹೋದವು. "ಕತ್ತೆ ಮೆಲ್ಲಗೆ ಅಂಗಳಕ್ಕೆ ಬಂತು" ಅಂತ ಬಚಾವಾಗಬಹುದು.

ದತ್ತಪದಿಯಲ್ಲಿ ಕೊಟ್ಟ ಪದಗಳನ್ನು ಪದ್ಯದಲ್ಲಿ ತರಬೇಕು. ನಮ್ಮ ಆಟದಲ್ಲಿ ಸುತ್ತಿಗೊಂದು ಪದ ಸಾಕು, ಕೊಂಡಿಯ ಜೊತೆ ಅದೂ ಬರಬೇಕು. ಅಪ್ರಸ್ತುತ ಪ್ರಸಂಗಿಯನ್ನಂತೂ ಬಿಡಲೇಬೇಡಿ. ಅವಧಾನದಲ್ಲಿ ಅವರ ಕೆಲಸವೇ ನಡುನಡುವೆ ಸಂಬಂಧವಿಲ್ಲದ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸುವುದು. ವಿಡಿಯೊ ಕರೆಯಲ್ಲಿ ಔಟಾದವರಿಗೆ ಈ ಪಾತ್ರ ಕೊಡಿ. 30 ಸೆಕೆಂಡಿನ ಯೋಚನೆಯ ನಡುವೆ "ನಿಮ್ಮನೇಲಿ ಈರುಳ್ಳಿ ಎಷ್ಟು ಕೆಜಿ ಇದೆ?" ಅಂತ ಕೇಳಿದರೆ ಎಂಥವರೂ ತಬ್ಬಿಬ್ಬು.

ಕೊನೆಯದು ಪ್ಯಾರಿಸ್ಸಿನದು. 1925ರ ಸುಮಾರಿಗೆ ಅಲ್ಲಿನ ಸರ್ರಿಯಲಿಸ್ಟ್ ಕವಿ, ಕಲಾವಿದರು ಒಂದು ಆಟ ಹುಟ್ಟುಹಾಕಿದರು. ಕಾಗದದ ಮೇಲೆ ಒಬ್ಬರು ಒಂದು ಪದ ಬರೆದು, ಮಡಿಸಿ, ಮುಂದಿನವರಿಗೆ ಕೊಡುವುದು. ಹಿಂದಿನ ಪದ ಯಾರಿಗೂ ಕಾಣದು. "ಸೊಗಸಾದ ಹೆಣ ಹೊಸ ವೈನು ಕುಡಿಯುತ್ತದೆ" ಎಂಬರ್ಥದ ವಾಕ್ಯ ಹುಟ್ಟಿದ್ದು ಹಾಗೆ. ಆಟಕ್ಕೂ ಸೊಗಸಾದ ಹೆಣ ಎಂದೇ ಹೆಸರಾಯಿತು. ಫೋನಿನಲ್ಲಿ ಮಡಿಸಲು ಆಗುವುದಿಲ್ಲವಲ್ಲ, ಅದಕ್ಕೆ ಒಬ್ಬರು ಮಧ್ಯಸ್ಥರಾಗಿ ಕೂರಲಿ. ಐದು ಜನ ಅವರಿಗೆ ಖಾಸಗಿಯಾಗಿ ಒಂದೊಂದು ತುಂಡು ಕಳಿಸಲಿ: ಎಂಥ, ಯಾರು, ಎಂಥ, ಏನನ್ನು, ಏನು ಮಾಡಿತು. ಕನ್ನಡಕ್ಕೆ ಈ ಕ್ರಮವೇ ಸರಿ. ಕ್ರಿಯಾಪದದ ಕೊನೆಯನ್ನು ಕರ್ತೃವಿಗೆ ತಕ್ಕ ಹಾಗೆ ಮಧ್ಯಸ್ಥರು ಹೊಂದಿಸಿಕೊಳ್ಳಲಿ. ನಮಗೆ ಸಿಕ್ಕ ಅತ್ಯುತ್ತಮ ಫಲ: "ಬೋಳುತಲೆಯ ಒಬ್ಬಟ್ಟು ನಾಚಿಕೆಯ ಟ್ರಾಫಿಕ್ ಸಿಗ್ನಲ್ಲನ್ನು ಇಸ್ತ್ರಿ ಮಾಡಿತು."

ಕಿರಿಕಿರಿಗಳು

ಗುಂಪಿನಲ್ಲಿರುವವರ ಮನೆ ವಿಷಯ, ಸಂಬಳ, ಮದುವೆ ಯಾವಾಗ ಎಂಬುದು ಕಥೆಯೊಳಗೆ ನುಸುಳದ ಹಾಗೆ ನೋಡಿಕೊಳ್ಳಿ. ತಮಾಷೆಯಾಗಿ ಶುರುವಾಗಿ ಮುನಿಸಿನಲ್ಲಿ ಮುಗಿಯುತ್ತದೆ. ರಾಜಕೀಯದ ಬಗ್ಗೆ ಹೇಳುವುದೇ ಬೇಡ.

ಈಚೆಗೆ ಇನ್ನೊಂದು ಶುರುವಾಗಿದೆ. ತಮ್ಮ ಸರದಿ ಬಂದಾಗ ಎಐ ಆ್ಯಪಿಗೆ ಕೇಳಿ ಬರೆಯುವುದು. ನಮ್ಮಲ್ಲಿ ಒಬ್ಬ ಹೀಗೆ ಮಾಡಿ ಸಿಕ್ಕಿಬಿದ್ದ. "ಒಳಗೆ ಬಾ ಮಾರಾಯ" ಅನ್ನುವವನು ಇದ್ದಕ್ಕಿದ್ದ ಹಾಗೆ "ಕತ್ತೆಯು ಗಾಢವಾದ ಚಿಂತನೆಯಲ್ಲಿ ಮುಳುಗಿತು" ಎಂದು ಬರೆದ. ಯಾರೂ ಏನೂ ಕೇಳಲಿಲ್ಲ. ಮುಂದಿನವಳು "ಮುಳುಗಿದ ಕತ್ತೆಯನ್ನು ಬಾವಿಯಿಂದ ಎತ್ತಿದವನು ಸುಳ್ಳುಗಾರ" ಎಂದಳು, ಅವನೇ ನಕ್ಕು ಒಪ್ಪಿಕೊಂಡ.

ಕಥೆಯನ್ನು ಉಳಿಸಿಕೊಳ್ಳುವುದು

ಆಟ ಮುಗಿದ ದಿನವೇ ಗುಂಪಿನ ಮೆನುವಿನಲ್ಲಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋಟೊ ವಿಡಿಯೊ ಬೇಡ ಅನ್ನಿ. ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಅದರಲ್ಲಿ ಪ್ರತಿ ಸಾಲಿನ ಮುಂದೆ ತಾರೀಕು, ಸಮಯ, ಹೆಸರು ಅಥವಾ ಫೋನ್ ನಂಬರು ಇರುತ್ತದೆ. ಅವನ್ನೂ ನಡುವಿನ ಹರಟೆಯನ್ನೂ ತೆಗೆದರೆ ಉಳಿಯುವುದೇ ಕಥೆ. ಆ ಹಸಿ ಫೈಲನ್ನು ಗುಂಪಿನ ಹೊರಗೆ ಯಾರಿಗೂ ಕಳಿಸಬೇಡಿ, ನಂಬರುಗಳಿವೆಯಲ್ಲ. ತಿದ್ದಿದ್ದನ್ನು ಒಬ್ಬರು ಜೋರಾಗಿ ಓದಿ ವಾಯ್ಸ್ ಮೆಸೇಜಾಗಿ ಹಾಕಲಿ. ಓದುವ ಕೆಲಸವನ್ನು ನಾವು ನಾಲ್ಕನೇ ವಾಕ್ಯದ ಸೋಮಾರಿಗೆ ಕೊಟ್ಟಿದ್ದೇವೆ. ಇವತ್ತಿಗೂ ಏಳನೇ ವಾಕ್ಯಕ್ಕೆ ಬಂದಾಗ ಅವನಿಗೆ ನಗು ತಡೆಯಲಾಗುವುದಿಲ್ಲ, ಮತ್ತೆ ಮೊದಲಿಂದ ರೆಕಾರ್ಡ್ ಮಾಡಬೇಕು.